ಪರ್ಲ್ ಸಾಕೆಟ್: ಕ್ಲೈಂಟ್ ಕಾಯುತ್ತಿದೆ, ಸರ್ವರ್ ಕೂಡ ಕಾಯುತ್ತಿದೆ

ಹೊಸಹೆಜ್ಜೆ:

ಎಲ್ಲರಿಗೂ ನಮಸ್ಕಾರ. ಪರ್ಲ್ ಕಲಿಯಲು ಶುರು ಮಾಡಿ ಎರಡು ತಿಂಗಳಾಯಿತು. ಫೈಲ್ ಓದುವುದು, ಹ್ಯಾಶ್, ರೆಗೆಕ್ಸ್ ಇವೆಲ್ಲ ಕೈಗೆ ಹತ್ತಿವೆ. ಈಗ ಸಾಕೆಟ್‌ಗೆ (ಎರಡು ಪ್ರೋಗ್ರಾಮ್‌ಗಳು ಮಾತನಾಡಿಕೊಳ್ಳುವ ಸಂಪರ್ಕದ ತುದಿ) ಕೈ ಹಾಕಿ ಮೂರು ದಿನದಿಂದ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೇನೆ.

ಒಂದೇ ಯಂತ್ರದಲ್ಲಿ ಎರಡು ಟರ್ಮಿನಲ್ ತೆರೆದಿದ್ದೇನೆ. ಒಂದರಲ್ಲಿ ಸರ್ವರ್: ಐಓ::ಸಾಕೆಟ್::ಐನೆಟ್ ಬಳಸಿ 7890ನೇ ಪೋರ್ಟ್‌ನಲ್ಲಿ ಕಾಯುತ್ತದೆ, ಸಂಪರ್ಕ ಬಂದರೆ ಅಕ್ಸೆಪ್ಟ್ ಮಾಡಿ, <$ಸಾಕೆಟ್> ಎಂದು ಒಂದು ಸಾಲು ಓದಿ, ತೆರೆಯ ಮೇಲೆ ತೋರಿಸಿ, ಉತ್ತರ ಕಳಿಸಬೇಕು. ಇನ್ನೊಂದರಲ್ಲಿ ಕ್ಲೈಂಟ್: ಕೀಲಿಮಣೆಯಿಂದ ಸಾಲು ಓದುತ್ತದೆ, ಚಾಂಪ್ ಮಾಡುತ್ತದೆ, ಪ್ರಿಂಟ್‌ನಿಂದ ಸಾಕೆಟ್‌ಗೆ ಕಳಿಸುತ್ತದೆ, ಉತ್ತರಕ್ಕೆ ಕಾಯುತ್ತದೆ.

ನಾನು ಎಂಟರ್ ಒತ್ತಿದ ಕೂಡಲೇ ಎರಡೂ ಕಿಟಕಿಗಳು ಸ್ತಬ್ಧವಾಗುತ್ತವೆ. ದೋಷದ ಸಂದೇಶವೂ ಇಲ್ಲ. ಬೇಸತ್ತು ಕಂಟ್ರೋಲ್-ಸಿ ಒತ್ತಿ ಕ್ಲೈಂಟನ್ನು ನಿಲ್ಲಿಸಿದರೆ, ಅದೇ ಕ್ಷಣದಲ್ಲಿ ನಾನು ಕಳಿಸಿದ ಸಾಲು ಸರ್ವರ್ ಕಿಟಕಿಯಲ್ಲಿ ಮೂಡುತ್ತದೆ! ಬದುಕಿರುವಾಗ ತಲುಪದ ಮಾತು ಸತ್ತ ಮೇಲೆ ಹೇಗೆ ತಲುಪುತ್ತದೆ? ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

(ಚರಗಳಿಗೆ ಕನ್ನಡದ ಹೆಸರು ಇಟ್ಟಿದ್ದೇನೆ. ಮೇಲೆ ‘ಯೂಸ್ ಯುಟಿಎಫ್8’ ಎಂದು ಬರೆದರೆ ಪರ್ಲ್ ಒಪ್ಪುತ್ತದೆ. ತೊಂದರೆ ಅದರಿಂದಲ್ಲ, ತೆಗೆದು ನೋಡಿದ್ದೇನೆ.)

ಅಂಕುಡೊಂಕು:

ಇದು ಬಫರ್ (ಬೈಟ್‌ಗಳನ್ನು ತಾತ್ಕಾಲಿಕವಾಗಿ ಕೂಡಿಡುವ ಜಾಗ) ತೊಂದರೆ. ಪ್ರಿಂಟ್ ಮಾಡಿದ್ದು ಪರ್ಲ್‌ನ ಬಫರ್‌ನಲ್ಲೇ ಉಳಿದಿದೆ, ಹೊರಗೆ ಹೋಗಿಲ್ಲ. ಕ್ಲೈಂಟ್‌ನ ಮೊದಲ ಸಾಲಿನಲ್ಲೇ $| = 1 ಎಂದು ಹಾಕಿ, ಸರಿಹೋಗುತ್ತದೆ.

ಹೊಸಹೆಜ್ಜೆ:

ಹಾಕಿದೆ. ಏನೂ ಬದಲಾಗಲಿಲ್ಲ. ಸರ್ವರ್ ಕಡೆಯೂ ಹಾಕಿ ನೋಡಿದೆ.

ತಂತಿಜಾಡು:

ಹೊಸಹೆಜ್ಜೆ ಅವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇದೆ. ಕ್ಲೈಂಟ್ ಸತ್ತ ಕ್ಷಣದಲ್ಲಿ ಸಾಲು ಕಂಡಿತು ಎಂದಿರಲ್ಲ, ಅದನ್ನೇ ಹಿಡಿದು ಹೋಗೋಣ.

ಕಂಟ್ರೋಲ್-ಸಿ ಒತ್ತಿದರೆ ಪ್ರಕ್ರಿಯೆ ಸಿಗ್ನಲ್‌ನಿಂದ ಸಾಯುತ್ತದೆ. ಹಾಗೆ ಸತ್ತಾಗ ಪರ್ಲ್‌ಗೆ ತನ್ನ ಬಫರ್ ಖಾಲಿ ಮಾಡುವ ಅವಕಾಶವೇ ಸಿಗುವುದಿಲ್ಲ. ಮಾತು ಬಫರ್‌ನಲ್ಲಿ ಉಳಿದಿದ್ದರೆ ಕ್ಲೈಂಟ್ ಜೊತೆಗೇ ಅದೂ ನಾಶವಾಗಬೇಕಿತ್ತು. ಆಗಲಿಲ್ಲ. ಅಂದರೆ ಬೈಟ್‌ಗಳು ಅಷ್ಟರಲ್ಲಾಗಲೇ ಸರ್ವರ್ ತಲುಪಿದ್ದವು. ಸರ್ವರ್ ಅವುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಇನ್ನೇನಕ್ಕೋ ಕಾಯುತ್ತಿತ್ತು.

ಆ ಇನ್ನೇನೋ ಎಂದರೆ ಹೊಸ ಸಾಲಿನ ಗುರುತು. <$ಸಾಕೆಟ್> ಎಂಬುದು ‘ಬಂದಷ್ಟು ಕೊಡು’ ಎನ್ನುವುದಿಲ್ಲ, ‘ಸಾಲು ಮುಗಿದ ಮೇಲೆ ಕೊಡು’ ಎನ್ನುತ್ತದೆ. ನೀವು ಚಾಂಪ್ ಮಾಡಿ ಸಾಲಿನ ಕೊನೆಯ ಗುರುತನ್ನು ಕತ್ತರಿಸಿ ಕಳಿಸಿದ್ದೀರಿ. ಸರ್ವರ್ ದೃಷ್ಟಿಯಲ್ಲಿ ನಿಮ್ಮ ಮಾತು ಇನ್ನೂ ಮುಗಿದಿಲ್ಲ, ಆದ್ದರಿಂದ ಕಾಯುತ್ತದೆ. ಕ್ಲೈಂಟ್ ಉತ್ತರಕ್ಕೆ ಕಾಯುತ್ತದೆ. ಕ್ಲೈಂಟನ್ನು ಕೊಂದಾಗ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸಂಪರ್ಕವನ್ನು ಮುಚ್ಚುತ್ತದೆ, ಆಗ ಸರ್ವರ್‌ಗೆ ‘ಇನ್ನೇನೂ ಬರುವುದಿಲ್ಲ’ ಎಂದು ತಿಳಿದು, ಇದ್ದಷ್ಟನ್ನೇ ಸಾಲು ಎಂದು ಕೊಡುತ್ತದೆ.

ಪ್ರಿಂಟ್ ಮಾಡುವಾಗ ಕೊನೆಗೆ ಹೊಸ ಸಾಲಿನ ಗುರುತನ್ನು ಮತ್ತೆ ಸೇರಿಸಿ. ಉತ್ತರ ಕಳಿಸುವ ಸರ್ವರ್ ಕಡೆಗೂ ಇದೇ ಮಾತು.

ಅಂಕುಡೊಂಕು ಅವರ ಸಲಹೆ ಬಗ್ಗೆ ಒಂದು ಮಾತು: ಬರಿಯ $| ಆ ಹೊತ್ತಿಗೆ ಆಯ್ಕೆಯಾಗಿರುವ ಹ್ಯಾಂಡಲ್‌ಗೆ (ಪರ್ಲ್ ಓದುವ, ಬರೆಯುವ ಜಾಗಕ್ಕೆ ಇರುವ ಹಿಡಿ) ಮಾತ್ರ ಅನ್ವಯಿಸುತ್ತದೆ. ಸಾಮಾನ್ಯವಾಗಿ ಅದು ತೆರೆ, ಸಾಕೆಟ್ ಅಲ್ಲ. ಐಓ::ಸಾಕೆಟ್ ತನ್ನ 1.18ನೇ ಆವೃತ್ತಿಯಿಂದ ಆಟೋಫ್ಲಶ್ (ಬರೆದ ಕೂಡಲೇ ಬಫರ್ ಖಾಲಿ ಮಾಡಿ ಕಳಿಸುವುದು) ಅನ್ನು ತಾನೇ ಆನ್ ಮಾಡಿಕೊಂಡಿರುತ್ತದೆ. ಮಾಡ್ಯೂಲ್ ಬಿಟ್ಟು ನೇರವಾಗಿ ಸಾಕೆಟ್, ಬೈಂಡ್, ಲಿಸನ್ ಎಂದು ಬರೆಯುವವರಿಗೆ ಮಾತ್ರ ಆಟೋಫ್ಲಶ್ ನೆನಪಿಟ್ಟುಕೊಳ್ಳುವ ಹೊಣೆ ಇದೆ.

ಅಂಕುಡೊಂಕು:

ಒಪ್ಪಿದೆ. ನಾನು ಕಲಿತದ್ದು ಹಳೆಯ ದಾರಿಯಲ್ಲಿ, ಅಲ್ಲಿ ಪ್ರತಿ ಸಾಕೆಟ್‌ಗೂ ಕೈಯಾರೆ ಹಾಕುತ್ತಿದ್ದೆವು. ಬಫರ್‌ನಲ್ಲಿ ಉಳಿದದ್ದು ಸಿಗ್ನಲ್ ಬಂದಾಗ ನಾಶವಾಗುತ್ತದೆ ಎಂಬ ಸುಳಿವನ್ನು ಗಮನಿಸಿರಲಿಲ್ಲ.

ಹೊಸಹೆಜ್ಜೆ:

ಗುರುತು ಸೇರಿಸಿದೆ, ಮಾತುಕತೆ ಶುರುವಾಯಿತು! ತುಂಬಾ ಧನ್ಯವಾದ.

ಆದರೆ ಇದು ಸರದಿಯ ಮಾತುಕತೆ. ನಾನು ಒಂದು ಸಾಲು, ಅದು ಒಂದು ಸಾಲು. ನನಗೆ ಬೇಕಿರುವುದು ಯಾರು ಬೇಕಾದರೂ ಯಾವಾಗ ಬೇಕಾದರೂ ಮಾತನಾಡಬಹುದಾದ ವ್ಯವಸ್ಥೆ. ಸರ್ವರ್ ತಾನಾಗಿ ಏನಾದರೂ ಕಳಿಸಿದರೆ, ನಾನು ಕೀಲಿಮಣೆಯಲ್ಲಿ ಎಂಟರ್ ಒತ್ತುವವರೆಗೂ ಅದು ಕಾಣುವುದೇ ಇಲ್ಲ. ಸಾಕೆಟ್ ಎರಡೂ ಕಡೆ ಒಟ್ಟಿಗೆ ಸಾಗಿಸುತ್ತದೆ ಎಂದು ಓದಿದ್ದೇನೆ. ಹಾಗಾದರೆ ಇದೇಕೆ ಹೀಗೆ?

ತಂತಿಜಾಡು:

ಸಾಕೆಟ್ ಎರಡೂ ದಿಕ್ಕಿಗೆ ಏಕಕಾಲಕ್ಕೆ ಸಾಗಿಸುತ್ತದೆ, ಅದರಲ್ಲಿ ಸಂದೇಹವಿಲ್ಲ. ಏಕಕಾಲಕ್ಕೆ ಎರಡು ಕಡೆ ಕಿವಿಗೊಡಲು ಆಗದಿರುವುದು ನಿಮ್ಮ ಪ್ರೋಗ್ರಾಮ್‌ಗೆ. ಅದು ಕೀಲಿಮಣೆಯ ಓದಿನಲ್ಲಿ ನಿಂತಿರುವಾಗ ಸಾಕೆಟ್ ಕಡೆ ತಿರುಗಿ ನೋಡುವುದಿಲ್ಲ. ಅಲ್ಲಿ ಬಂದ ಬೈಟ್‌ಗಳು ಕರ್ನಲ್‌ನಲ್ಲಿ ಸರದಿ ನಿಂತಿರುತ್ತವೆ.

ದಾರಿ ಎರಡಿವೆ: ಫೋರ್ಕ್ ಮಾಡಿ (ಓಡುತ್ತಿರುವ ಪ್ರಕ್ರಿಯೆಯ ಇನ್ನೊಂದು ಪ್ರತಿ ಹುಟ್ಟಿಸಿ) ಇಬ್ಬರನ್ನು ಕೂರಿಸುವುದು, ಇಲ್ಲವೇ ಒಬ್ಬನೇ ಸೆಲೆಕ್ಟ್ ಮೂಲಕ ಎರಡೂ ಬಾಗಿಲು ಕಾಯುವುದು.

ಇಬ್ಬನಿ:

ಫೋರ್ಕ್ ದಾರಿಯನ್ನು ನಾನು ಹೇಳುತ್ತೇನೆ, ನನಗೆ ಅದು ಇಷ್ಟ. ಪರ್ಲ್ ಜೊತೆಗೇ ಬರುವ ಪರ್ಲ್‌ಐಪಿಸಿ ದಸ್ತಾವೇಜಿನಲ್ಲೂ ಈ ಬಗೆಯ ಕ್ಲೈಂಟ್ ಇದೆ.

ಸಂಪರ್ಕ ಸಿಕ್ಕ ಮೇಲೆ ಕ್ಲೈಂಟ್ ಫೋರ್ಕ್ ಮಾಡುತ್ತದೆ. ತಾಯಿ ಪ್ರಕ್ರಿಯೆ ಸಾಕೆಟ್‌ನಿಂದ ಓದಿ ತೆರೆಗೆ ಬರೆಯುತ್ತದೆ. ಮಗು ಕೀಲಿಮಣೆಯಿಂದ ಓದಿ ಸಾಕೆಟ್‌ಗೆ ಬರೆಯುತ್ತದೆ. ಒಂದೊಂದರದೂ ಮೂರು ಸಾಲಿನ ಲೂಪ್. ಇಬ್ಬರಿಗೂ ಒಂದೊಂದೇ ಕೆಲಸ, ತಪ್ಪಿಗೆ ಜಾಗ ಕಡಿಮೆ.

ಕಷ್ಟ ಇರುವುದೆಲ್ಲ ಮುಗಿಸುವ ಹೊತ್ತಿನಲ್ಲಿ. ನೀವು ಕಂಟ್ರೋಲ್-ಡಿ ಒತ್ತಿದಿರಿ, ಮಗು ಸಾಕೆಟನ್ನು ಕ್ಲೋಸ್ ಮಾಡಿ ಹೊರಟಿತು ಎಂದುಕೊಳ್ಳಿ. ಸರ್ವರ್‌ಗೆ ಅದು ಗೊತ್ತಾಗುವುದೇ ಇಲ್ಲ! ಏಕೆಂದರೆ ಅದೇ ಸಾಕೆಟ್‌ನ ಇನ್ನೊಂದು ಪ್ರತಿ ತಾಯಿಯ ಬಳಿ ತೆರೆದೇ ಇದೆ. ಎಲ್ಲ ಪ್ರತಿಗಳೂ ಮುಚ್ಚುವವರೆಗೆ ಕರ್ನಲ್ ಸಂಪರ್ಕವನ್ನು ಬಿಡುವುದಿಲ್ಲ. ಆದ್ದರಿಂದ ಮಗು ಕ್ಲೋಸ್ ಬದಲು ಶಟ್‌ಡೌನ್ ಅನ್ನು 1 ಎಂಬ ಬೆಲೆಯೊಂದಿಗೆ ಕರೆಯಬೇಕು. ‘ನಾನು ಬರೆಯುವುದು ಮುಗಿಯಿತು, ಓದುವುದು ಬಾಕಿ ಇದೆ’ ಎಂದು ಅದರ ಅರ್ಥ. ಎಷ್ಟು ಪ್ರತಿಗಳಿದ್ದರೂ ಇದು ಸಂಪರ್ಕಕ್ಕೇ ತಾಗುತ್ತದೆ. ಸರ್ವರ್ ಕೊನೆಯ ಉತ್ತರ ಕಳಿಸಿ ಮುಚ್ಚುತ್ತದೆ, ತಾಯಿ ಅದನ್ನು ಪೂರ್ತಿ ಓದಿಕೊಳ್ಳುತ್ತದೆ.

ಸರ್ವರ್ ಮೊದಲು ಹೋದರೆ? ಆಗ ತಾಯಿಗೆ ಕೊನೆ ಸಿಗುತ್ತದೆ, ಮಗು ಮಾತ್ರ ಕೀಲಿಮಣೆ ನೋಡುತ್ತಾ ಕುಳಿತೇ ಇರುತ್ತದೆ. ತಾಯಿಯೇ ಅದಕ್ಕೆ ಟರ್ಮ್ ಸಿಗ್ನಲ್ ಕಳಿಸಿ ಮುಗಿಸಬೇಕು.

ನಿಧಾನಿ:

ಸರ್ವರ್ ಕಡೆ ಪ್ರತಿ ಕ್ಲೈಂಟ್‌ಗೂ ಒಂದು ಫೋರ್ಕ್ ಮಾಡುವವರು ಇನ್ನೆರಡನ್ನು ಮರೆಯಬಾರದು. ಅಕ್ಸೆಪ್ಟ್‌ನಿಂದ ಬಂದ ಸಾಕೆಟನ್ನು ತಾಯಿ ತನ್ನ ಕಡೆ ಮುಚ್ಚಬೇಕು, ಇಲ್ಲವಾದರೆ ಇಬ್ಬನಿ ಹೇಳಿದ ತೊಂದರೆಯೇ ಇಲ್ಲೂ ಕಾಡುತ್ತದೆ. ಮುಗಿದ ಮಕ್ಕಳನ್ನು ವೇಟ್‌ಪಿಡ್‌ನಿಂದ ವಿಚಾರಿಸಬೇಕು, ಇಲ್ಲವೇ ಚೈಲ್ಡ್ ಸಿಗ್ನಲ್ಲನ್ನು ಇಗ್ನೋರ್ ಎಂದು ಇಡಬೇಕು. ಇಲ್ಲವಾದರೆ ಜೋಂಬಿ (ಮುಗಿದರೂ ಕರ್ನಲ್‌ನ ಪಟ್ಟಿಯಿಂದ ಅಳಿಯದ) ಪ್ರಕ್ರಿಯೆಗಳು ಸಾಲುಗಟ್ಟುತ್ತವೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಇದೇ ಕಾರಣಕ್ಕೆ ಹೊಸ ಪ್ರಕ್ರಿಯೆಗೆ ಜಾಗವಿಲ್ಲದೆ ಇಡೀ ಯಂತ್ರ ನಿಂತುಹೋಗಿತ್ತು. ಆ ರಾತ್ರಿ ಇನ್ನೂ ಮರೆತಿಲ್ಲ.

ತಂತಿಜಾಡು:

ಫೋರ್ಕ್ ಕ್ಲೈಂಟ್‌ಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಸರ್ವರ್‌ನಲ್ಲಿ ಒಬ್ಬ ಹೇಳಿದ ಮಾತನ್ನು ಉಳಿದವರಿಗೆ ಮುಟ್ಟಿಸಬೇಕಾದರೆ ಅದು ಕೈಕಟ್ಟಿ ಹಾಕುತ್ತದೆ, ಏಕೆಂದರೆ ಪ್ರತಿ ಪ್ರಕ್ರಿಯೆಯ ನೆನಪೂ ಬೇರೆ. ಅಲ್ಲಿ ಸೆಲೆಕ್ಟ್ ಬೇಕು.

ಪರ್ಲ್‌ನಲ್ಲಿ ಸೆಲೆಕ್ಟ್ ಎಂಬ ಹೆಸರಿನ ಕೆಲಸ ಎರಡು. ಒಂದು ಆರ್ಗ್ಯುಮೆಂಟ್ ಕೊಟ್ಟರೆ ಪ್ರಿಂಟ್ ಯಾವ ಹ್ಯಾಂಡಲ್‌ಗೆ ಹೋಗಬೇಕು ಎಂದು ಬದಲಿಸುತ್ತದೆ. ನಾಲ್ಕು ಕೊಟ್ಟರೆ ಯಾವ ಹ್ಯಾಂಡಲ್ ಸಿದ್ಧವಾಗಿದೆ ಎಂದು ಕರ್ನಲನ್ನು ಕೇಳುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ನಾಲ್ಕರ ರೂಪದಲ್ಲಿ ಬಿಟ್‌ಗಳನ್ನು ನಾವೇ ಜೋಡಿಸಬೇಕಾಗುವುದರಿಂದ ಐಓ::ಸೆಲೆಕ್ಟ್ ಮಾಡ್ಯೂಲ್ ಬಳಸಿ. ಕಾಯುವ ಸಾಕೆಟ್, ಸಂಪರ್ಕಗೊಂಡ ಸಾಕೆಟ್‌ಗಳು ಎಲ್ಲವನ್ನೂ ಆಡ್ ಮಾಡಿ, ಕ್ಯಾನ್‌_ರೀಡ್ ಎಂದು ಕೇಳಿ. ಸಿದ್ಧವಾದವುಗಳ ಪಟ್ಟಿ ಬರುತ್ತದೆ. ಅದರಲ್ಲಿ ಕಾಯುವ ಸಾಕೆಟ್ ಇದ್ದರೆ ಅಕ್ಸೆಪ್ಟ್ ಮಾಡಿ, ಹೊಸಬನನ್ನೂ ಪಟ್ಟಿಗೆ ಸೇರಿಸಿ. ಬೇರೆ ಇದ್ದರೆ ಓದಿ.

ಕ್ಲೈಂಟ್‌ನಲ್ಲೂ ಇದೇ ರೀತಿ: ಕೀಲಿಮಣೆಯ ಹ್ಯಾಂಡಲ್ ಒಂದು, ಸಾಕೆಟ್ ಒಂದು. ವಿಂಡೋಸ್‌ನಲ್ಲಿ ಮಾತ್ರ ಕೀಲಿಮಣೆಗೆ ಸೆಲೆಕ್ಟ್ ನಡೆಯುವುದಿಲ್ಲ, ಅಲ್ಲಿ ಅದು ಸಾಕೆಟ್‌ಗಳಿಗಷ್ಟೇ.

ಹೊಸಹೆಜ್ಜೆ:

ಐಓ::ಸೆಲೆಕ್ಟ್‌ನಿಂದ ಕ್ಲೈಂಟ್ ಬರೆದೆ. ಸರ್ವರ್ ತಾನಾಗಿ ಕಳಿಸಿದ ಸಾಲು ತಕ್ಷಣ ಕಂಡಿತು. ಆ ಸಂತೋಷ ಹತ್ತು ನಿಮಿಷ ಇತ್ತು.

ಆಮೇಲೆ ಸರ್ವರ್ ಒಂದೇ ಸಲಕ್ಕೆ ಮೂರು ಸಾಲು ಕಳಿಸುವಂತೆ ಮಾಡಿದೆ: ಒಂದು, ಎರಡು, ಮೂರು. ತೆರೆಯ ಮೇಲೆ ‘ಒಂದು’ ಮಾತ್ರ ಬಂತು. ಐದು ನಿಮಿಷ ಕಾದೆ. ಸರ್ವರ್‌ನಿಂದ ‘ನಾಲ್ಕು’ ಎಂದು ಮತ್ತೊಂದು ಕಳಿಸಿದೆ. ಆಗ ತೆರೆಯ ಮೇಲೆ ‘ಎರಡು’, ‘ಮೂರು’, ‘ನಾಲ್ಕು’ ಒಟ್ಟಿಗೇ ಬಂದವು! ‘ಎರಡು’, ‘ಮೂರು’ ಅಷ್ಟು ಹೊತ್ತು ಎಲ್ಲಿದ್ದವು? ಕ್ಯಾನ್‌_ರೀಡ್ ಸಿದ್ಧ ಎಂದಾಗಲೆಲ್ಲ <$ಸಾಕೆಟ್> ಎಂದು ಒಂದು ಸಾಲು ಓದುತ್ತಿದ್ದೇನೆ, ಅಷ್ಟೇ.

ತಂತಿಜಾಡು:

ಇಷ್ಟು ಅಚ್ಚುಕಟ್ಟಾಗಿ ಪ್ರಯೋಗ ಮಾಡಿ ಬರೆದದ್ದಕ್ಕೆ ಧನ್ಯವಾದ. ಪರ್ಲ್ ಸಾಕೆಟ್‌ನಲ್ಲಿ ಎಲ್ಲರೂ ಒಮ್ಮೆ ಬೀಳುವ ಗುಂಡಿ ಇದು. ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ ಎಂದು ನಾನು ನಂಬಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಬೈಟ್‌ಗಳು ತಂಗುವ ಜಾಗ ಎರಡು. ಮೊದಲನೆಯದು ಕರ್ನಲ್‌ನ ಬಫರ್. ಎರಡನೆಯದು ಪರ್ಲ್ ತನ್ನೊಳಗೆ ಇಟ್ಟುಕೊಳ್ಳುವ ಬಫರ್. ನೀವು <$ಸಾಕೆಟ್> ಎಂದಾಗ ಪರ್ಲ್ ಕರ್ನಲ್‌ನಿಂದ ಒಂದೊಂದೇ ಬೈಟ್ ತರುವುದಿಲ್ಲ, ಅದು ಬಲು ನಿಧಾನ. ಇದ್ದದ್ದನ್ನೆಲ್ಲ ಸಾವಿರಾರು ಬೈಟ್‌ಗಳ ಲೆಕ್ಕದಲ್ಲಿ ಒಂದೇ ಸಲ ಬಾಚಿಕೊಂಡು ಬಂದು ತನ್ನ ಬಫರ್‌ನಲ್ಲಿ ಇಟ್ಟುಕೊಂಡು, ಅದರಿಂದ ಒಂದು ಸಾಲನ್ನು ಕತ್ತರಿಸಿ ನಿಮಗೆ ಕೊಡುತ್ತದೆ. ನಿಮ್ಮ ಮೂರೂ ಸಾಲುಗಳು ಹೀಗೆ ಒಟ್ಟಿಗೇ ಪರ್ಲ್‌ನ ಒಳಗೆ ಬಂದವು. ‘ಒಂದು’ ನಿಮ್ಮ ಕೈಗೆ ಸಿಕ್ಕಿತು, ಉಳಿದೆರಡು ಒಳಗೇ ಉಳಿದವು.

ಸೆಲೆಕ್ಟ್ ಕೇಳುವುದು ಕರ್ನಲನ್ನು. ಕರ್ನಲ್‌ನ ಬಫರ್ ಈಗ ಖಾಲಿ. ‘ಏನೂ ಇಲ್ಲ, ಕಾಯಿರಿ’ ಎಂದು ಅದು ಪ್ರಾಮಾಣಿಕವಾಗಿಯೇ ಹೇಳುತ್ತದೆ. ‘ನಾಲ್ಕು’ ಬಂದಾಗ ‘ಸಿದ್ಧ’ ಎನ್ನುತ್ತದೆ, ನೀವು ಓದುತ್ತೀರಿ, ಪರ್ಲ್ ತನ್ನ ಬಳಿ ಮೊದಲೇ ಇದ್ದ ‘ಎರಡು’ ಎಂಬುದನ್ನು ಕೊಡುತ್ತದೆ. ‘ನಾಲ್ಕು’ ಇನ್ನೂ ಕರ್ನಲ್‌ನಲ್ಲೇ ಇರುವುದರಿಂದ ಅದು ಮತ್ತೆ ‘ಸಿದ್ಧ’ ಎನ್ನುತ್ತದೆ, ಹಾಗೆ ‘ಮೂರು’, ಕೊನೆಗೆ ‘ನಾಲ್ಕು’ ಬರುತ್ತವೆ.

ಆದ್ದರಿಂದ ಸೆಲೆಕ್ಟ್ ಬಳಸುವ ಹ್ಯಾಂಡಲ್‌ನಲ್ಲಿ <$ಸಾಕೆಟ್> ಎಂಬ ಕೋನಾಕಾರದ ಓದು ಬೇಡ, ರೀಡ್ ಬೇಡ, ಇಓಎಫ್ ಕರೆಯೂ ಬೇಡ. ಸಿಸ್‌ರೀಡ್ ಮಾತ್ರ. ಅದು ಪರ್ಲ್‌ನ ಬಫರನ್ನು ಬದಿಗಿಟ್ಟು ನೇರವಾಗಿ ಕರ್ನಲ್‌ನಿಂದ ತರುತ್ತದೆ. ಬರೆಯಲು ಸಿಸ್‌ರೈಟ್.

ಪ್ರತಿ ಸಂಪರ್ಕಕ್ಕೂ ಒಂದು ಸ್ಟ್ರಿಂಗ್ ಇಟ್ಟುಕೊಳ್ಳಿ, ಅದೇ ನಿಮ್ಮ ಸ್ವಂತ ಬಫರ್. ಸಿಸ್‌ರೀಡ್‌ಗೆ ನಾಲ್ಕನೆಯ ಆರ್ಗ್ಯುಮೆಂಟಾಗಿ ಆ ಸ್ಟ್ರಿಂಗ್‌ನ ಈಗಿನ ಉದ್ದವನ್ನು ಕೊಟ್ಟರೆ, ಹೊಸ ಬೈಟ್‌ಗಳು ಹಳೆಯವುಗಳ ಹಿಂದೆ ಸೇರಿಕೊಳ್ಳುತ್ತವೆ. ಅದಾದ ಮೇಲೆ, ಬಫರ್‌ನಲ್ಲಿ ಹೊಸ ಸಾಲಿನ ಗುರುತು ಇರುವವರೆಗೂ ಲೂಪ್ ಹಾಕಿ ಒಂದೊಂದೇ ಸಾಲನ್ನು ಮುಂದಿನಿಂದ ಕತ್ತರಿಸಿ ತೆಗೆಯಿರಿ. ಈ ಲೂಪನ್ನು ‘ಇಫ್’ ಎಂದು ಬರೆದರೆ ಮತ್ತೆ ಅದೇ ಗುಂಡಿ, ‘ವೈಲ್’ ಆಗಿರಲೇಬೇಕು. ಉಳಿದ ಅರೆಬರೆ ಸಾಲು ಬಫರ್‌ನಲ್ಲೇ ಇರಲಿ, ಮುಂದಿನ ಓದಿನಲ್ಲಿ ಪೂರ್ತಿಯಾಗುತ್ತದೆ.

ಸಿಸ್‌ರೀಡ್ 0 ಕೊಟ್ಟರೆ ಎದುರಿನವರು ಬರೆಯುವುದನ್ನು ಮುಗಿಸಿದ್ದಾರೆ, ಅನ್‌ಡೆಫ್ ಕೊಟ್ಟರೆ ದೋಷ, ಕಾರಣ $! ನಲ್ಲಿ. ಎರಡನ್ನೂ ಒಂದೇ ಎಂದು ಭಾವಿಸಬೇಡಿ.

ಕೀಲಿಮಣೆಗೂ ಸಿಸ್‌ರೀಡೇ ಬೇಕು. ಟರ್ಮಿನಲ್ ಸಾಲು ಸಾಲಾಗಿ ಕೊಡುವುದರಿಂದ ಅಲ್ಲಿ ತಪ್ಪು ಕಾಣುವುದಿಲ್ಲ, ಆದರೆ ಒಂದು ಫೈಲನ್ನು ಪೈಪ್ ಮೂಲಕ ಹರಿಸಿ, ಪೈಪನ್ನು ಮುಚ್ಚದೆ ತೆರೆದೇ ಇಟ್ಟು ನೋಡಿ, ಸಾಲುಗಳು ಒಳಗೇ ಉಳಿದುಬಿಡುತ್ತವೆ.

ಮಿಂಚುಗೆರೆ:

ಇಷ್ಟೆಲ್ಲ ಕೈಯಾರೆ ಏಕೆ ಬರೆಯಬೇಕು? ಎನಿಇವೆಂಟ್, ಐಓ::ಅಸಿಂಕ್, ಮೋಜೋ::ಐಓಲೂಪ್ ಎಂಬ ಮಾಡ್ಯೂಲ್‌ಗಳು ಇವೆಯಲ್ಲ. ಯಾವ ಸಾಕೆಟ್ ಸಿದ್ಧ ಎಂದು ಕಾಯುವುದು, ಕಳಿಸುವ ಬಫರ್ ಇವನ್ನೆಲ್ಲ ಅವೇ ನೋಡಿಕೊಳ್ಳುತ್ತವೆ.

ತಂತಿಜಾಡು:

ನಿಜ, ನಾಳೆ ಕೆಲಸಕ್ಕೆ ಬೇಕಾದ ಸರ್ವರ್ ಬರೆಯುವುದಾದರೆ ನಾನೂ ಅವುಗಳಲ್ಲೇ ಬರೆಯುತ್ತೇನೆ. ಆದರೆ ಹೊಸಹೆಜ್ಜೆ ಕಲಿಯುತ್ತಿದ್ದಾರೆ. ಬರ್ಕ್ಲಿ ಸಾಕೆಟ್ 1983ರಲ್ಲಿ 4.2ಬಿಎಸ್‌ಡಿ ಯುನಿಕ್ಸ್ ಜೊತೆ ಬಂದದ್ದು, ಪರ್ಲ್ 1987ರದು. ಆ ಮಾಡ್ಯೂಲ್‌ಗಳೆಲ್ಲ ಕೊನೆಗೆ ನಿಂತಿರುವುದು ಇದೇ ಅಕ್ಸೆಪ್ಟ್, ಓದು, ಬರಹಗಳ ಮೇಲೆ. ಮಾಡ್ಯೂಲ್ ಒಳಗೆ ಮಾತು ನಿಂತುಹೋದ ದಿನ ಎಲ್ಲಿ ಹುಡುಕಬೇಕು ಎಂದು ಗೊತ್ತಿರಬೇಕಾದರೆ ಒಮ್ಮೆಯಾದರೂ ಕೈಯಾರೆ ಬರೆದಿರಬೇಕು.

ಮಿಂಚುಗೆರೆ:

ಹಾಗಾದರೆ ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ: ಹೊಸದಾಗಿ ಬರೆಯುವವರು ಐಓ::ಸಾಕೆಟ್::ಐಪಿ ಬಳಸಲಿ. 5.20ರಿಂದ ಪರ್ಲ್ ಜೊತೆಗೇ ಬರುತ್ತದೆ, ಐಪಿವಿ6 ಕೂಡ ತಿಳಿಯುತ್ತದೆ, ಕರೆಯುವ ರೀತಿ ಹೆಚ್ಚುಕಡಿಮೆ ಐಓ::ಸಾಕೆಟ್::ಐನೆಟ್‌ನದೇ.

ಇಬ್ಬನಿ:

ಟೆಲ್‌ನೆಟ್‌ನಿಂದ ಸರ್ವರ್ ಪರೀಕ್ಷಿಸುವವರಿಗೆ: ಅದು ಸಾಲಿನ ಕೊನೆಗೆ ಎರಡು ಬೈಟ್ ಕಳಿಸುತ್ತದೆ, 13 ಮತ್ತು 10. ಚಾಂಪ್ 10ನ್ನು ಮಾತ್ರ ತೆಗೆಯುತ್ತದೆ, 13 ಉಳಿಯುತ್ತದೆ. ‘ನಿಲ್ಲಿಸು’ ಎಂಬ ಆಜ್ಞೆ ತೆರೆಯ ಮೇಲೆ ಸರಿಯಾಗಿಯೇ ಕಂಡರೂ ಹೋಲಿಕೆಯಲ್ಲಿ ಸೋಲುತ್ತದೆ. ಕತ್ತರಿಸುವ ರೆಗೆಕ್ಸ್‌ನಲ್ಲೇ 13 ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಬರೆಯಿರಿ.

ಹೊಸಹೆಜ್ಜೆ:

ಸಿಸ್‌ರೀಡ್, ಸ್ವಂತ ಬಫರ್, ವೈಲ್ ಲೂಪ್ ಎಲ್ಲ ಬರೆದೆ. ಒಂದು, ಎರಡು, ಮೂರು ಒಟ್ಟಿಗೇ ಬಂದವು. ಎರಡನೆಯ ಕ್ಲೈಂಟ್ ಸೇರಿಸಿದೆ, ಒಂದರ ಮಾತು ಇನ್ನೊಂದಕ್ಕೆ ತಲುಪುತ್ತಿದೆ.

ಈಗ ಮೂರು ಪ್ರಶ್ನೆಗಳು. ಸರ್ವರ್‌ನ ಸೋರ್ಸ್‌ನಲ್ಲೇ ಬರೆದಿರುವ ಸ್ವಾಗತದ ಸಾಲಿಗೆ ‘ಕನ್ನಡ’ ಎಂದು ಹಾಕಿದರೆ ಸಿಸ್‌ರೈಟ್ ‘ವೈಡ್ ಕ್ಯಾರೆಕ್ಟರ್’ ಎಂದು ಹೇಳಿ ಪ್ರೋಗ್ರಾಮ್ ಸಾಯುತ್ತದೆ. ಒಂದು ಕ್ಲೈಂಟ್ ಹಠಾತ್ತಾಗಿ ಹೋದರೆ ಕೆಲವೊಮ್ಮೆ ಸರ್ವರ್ ಸದ್ದಿಲ್ಲದೆ ಸಾಯುತ್ತದೆ. ಮತ್ತೆ ಚಾಲೂ ಮಾಡಿದರೆ ವಿಳಾಸ ಆಗಲೇ ಬಳಕೆಯಲ್ಲಿದೆ ಎನ್ನುತ್ತದೆ.

ನಿಧಾನಿ:

ಕೊನೆಯದು ಸುಲಭ. ಮೊದಲು ಮುಚ್ಚಿದ ಕಡೆ ಸಂಪರ್ಕ ಸ್ವಲ್ಪ ಹೊತ್ತು ಟೈಮ್-ವೇಟ್ ಸ್ಥಿತಿಯಲ್ಲಿ ಇರುತ್ತದೆ, ಲಿನಕ್ಸ್‌ನಲ್ಲಿ 60 ಸೆಕೆಂಡ್. ಸರ್ವರ್ ಸಾಕೆಟ್ ಕಟ್ಟುವಾಗ ರೀಯೂಸ್‌ಅಡ್ರ್ ಎಂಬ ಆಯ್ಕೆಗೆ 1 ಕೊಡಿ.

ಸದ್ದಿಲ್ಲದ ಸಾವು ಪೈಪ್ ಸಿಗ್ನಲ್‌ನ ಕೆಲಸ. ಎದುರಿನವರು ಹೋಗಿರುವ ಸಾಕೆಟ್‌ಗೆ ಬರೆದರೆ ಕರ್ನಲ್ ಆ ಸಿಗ್ನಲ್ ಕಳಿಸುತ್ತದೆ, ಅದರ ಸಹಜ ಫಲ ಸಾವು. ಅದನ್ನು ಇಗ್ನೋರ್ ಎಂದು ಇಟ್ಟರೆ ಸಿಸ್‌ರೈಟ್ ಅನ್‌ಡೆಫ್ ಹಿಂದಿರುಗಿಸುತ್ತದೆ, ನೀವು ಆ ಒಂದು ಕ್ಲೈಂಟನ್ನು ಪಟ್ಟಿಯಿಂದ ತೆಗೆದು ಮುಂದುವರಿಯಬಹುದು. ‘ಕೆಲವೊಮ್ಮೆ’ ಏಕೆಂದರೆ, ಹೋದ ಮೇಲೆ ಮಾಡಿದ ಮೊದಲ ಬರಹ ಬಹಳ ಸಲ ಯಶಸ್ವಿಯಾದಂತೆಯೇ ಕಾಣುತ್ತದೆ, ಎರಡನೆಯದಕ್ಕೆ ಏಟು ಬೀಳುತ್ತದೆ.

ತಂತಿಜಾಡು:

ಕನ್ನಡದ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ.

ಸಾಕೆಟ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ‘ಕನ್ನಡ’ ಎಂಬುದು ಪರ್ಲ್‌ನ ಲೆಕ್ಕದಲ್ಲಿ 5: ಕ, ನ, ವಿರಾಮ (ಒತ್ತಕ್ಷರ ಕೂಡಿಸುವ ಅರ್ಧಾಕ್ಷರದ ಗುರುತು), ನ, ಡ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಕಳಿಸುವ ಮುನ್ನ ಎನ್‌ಕೋಡ್ ಮಾಡ್ಯೂಲ್‌ನಿಂದ ಬೈಟ್‌ಗಳಾಗಿ ಮಾಡಿ, ಆಮೇಲೆ ಸಿಸ್‌ರೈಟ್‌ಗೆ ಕೊಡಿ. ಹ್ಯಾಂಡಲ್‌ಗೇ ಯುಟಿಎಫ್8 ಪದರ ಹಚ್ಚಿ ಸಿಸ್‌ರೀಡ್, ಸಿಸ್‌ರೈಟ್ ಮಾಡುವುದು ಪರ್ಲ್ 5.30ರಿಂದ ಮಾರಕ ದೋಷ.

ಓದುವ ಕಡೆ ಸೂಕ್ಷ್ಮ ಇನ್ನೂ ಒಂದಿದೆ. ಈ ಸಾಕೆಟ್‌ಗಳು ಬಳಸುವ ಸಾಗಣೆಯ ನಿಯಮ ಟಿಸಿಪಿ ಸಂದೇಶ ಸಾಗಿಸುವುದಿಲ್ಲ, ಬೈಟ್‌ಗಳ ಹರಿವನ್ನು ಸಾಗಿಸುತ್ತದೆ. ಒಂದು ಸಿಸ್‌ರೈಟ್‌ಗೆ ಒಂದು ಸಿಸ್‌ರೀಡ್ ಎಂಬ ಒಪ್ಪಂದ ಎಲ್ಲೂ ಇಲ್ಲ. ಹಾಗಾಗಿ ಓದು ‘ಡ’ದ ಎರಡನೆಯ ಬೈಟ್‌ಗೇ ನಿಂತುಬಿಡಬಹುದು. ಆ ತುಂಡನ್ನು ಡಿಕೋಡ್ ಮಾಡಿದರೆ ಅಕ್ಷರ ಒಡೆಯುತ್ತದೆ. ಮೊದಲು ಬೈಟ್‌ಗಳಲ್ಲೇ ಸಾಲು ಕತ್ತರಿಸಿ, ಪೂರ್ತಿ ಸಾಲು ಕೈಗೆ ಬಂದ ಮೇಲೆ ಡಿಕೋಡ್ ಮಾಡಿ. ಯುಟಿಎಫ್-8ರಲ್ಲಿ 10 ಎಂಬ ಬೈಟ್ ಬೇರೆ ಯಾವ ಅಕ್ಷರದ ನಡುವೆಯೂ ಬರುವುದಿಲ್ಲ, ಆದ್ದರಿಂದ ಕತ್ತರಿ ತಪ್ಪು ಜಾಗಕ್ಕೆ ಬೀಳುವುದಿಲ್ಲ.

ಸಂದೇಶದ ಒಳಗೇ ಹೊಸ ಸಾಲು ಬರಬಹುದಾದರೆ, ಅಥವಾ ಚಿತ್ರದಂಥದ್ದನ್ನು ಕಳಿಸುವುದಾದರೆ, ಮುಂದೆ ಉದ್ದವನ್ನು ಬರೆದು ಕಳಿಸಿ. ಪ್ಯಾಕ್‌ನ ದೊಡ್ಡ ‘ಎನ್’ ಅದಕ್ಕೆಂದೇ ಇದೆ, 4 ಬೈಟ್, ನೆಟ್‌ವರ್ಕ್ ಕ್ರಮದಲ್ಲಿ. ಉದ್ದ ಎಂದರೆ ಬೈಟ್‌ಗಳ ಉದ್ದ, 15. ಅಕ್ಷರಗಳ 5 ಅಲ್ಲ.

ಅಂಕುಡೊಂಕು:

ನಾನೂ ಒಂದು ಕೇಳಬಹುದೇ? ಸಾಕೆಟ್ ಕಟ್ಟುವಾಗ ಟೈಮ್‌ಔಟ್ 10 ಎಂದು ಕೊಟ್ಟಿದ್ದೇನೆ, ಆದರೂ ಓದು ಗಂಟೆಗಟ್ಟಲೆ ನಿಲ್ಲುತ್ತದೆ.

ನಿಧಾನಿ:

ಆ ಟೈಮ್‌ಔಟ್ ಸಂಪರ್ಕ ಪಡೆಯುವುದಕ್ಕೆ ಮತ್ತು ಅಕ್ಸೆಪ್ಟ್‌ಗೆ ಮಾತ್ರ, ಓದಿಗೆ ಅಲ್ಲ. ಕ್ಯಾನ್‌_ರೀಡ್‌ಗೆ 10 ಕೊಡಿ. ಖಾಲಿ ಪಟ್ಟಿ ಬಂದರೆ ಸಮಯ ಮೀರಿತು ಎಂದರ್ಥ.

ತಂತಿಜಾಡು:

ಬರೆಯುವ ಕಡೆಯೂ ಎಚ್ಚರ ಬೇಕು. ಎರಡೂ ಕಡೆಯವರು ಓದದೆ ದೊಡ್ಡದೊಡ್ಡದನ್ನು ಬರೆಯುತ್ತಲೇ ಇದ್ದರೆ ಕರ್ನಲ್‌ನ ಬಫರ್‌ಗಳು ತುಂಬಿ, ಇಬ್ಬರೂ ಸಿಸ್‌ರೈಟ್‌ನಲ್ಲೇ ನಿಲ್ಲುತ್ತಾರೆ. ಮೊದಲ ದಿನ ನೀವು ಕಂಡದ್ದು ಓದಿನ ಬಿಗಿತ, ಇದು ಬರಹದ ಬಿಗಿತ. ಬ್ಲಾಕಿಂಗ್ 0 ಮಾಡಿ, ಕಳಿಸಬೇಕಾದದ್ದಕ್ಕೂ ಒಂದು ಬಫರ್ ಇಟ್ಟು, ಕ್ಯಾನ್‌_ರೈಟ್ ಸಿದ್ಧ ಎಂದಾಗ ಹೋದಷ್ಟು ಕಳಿಸಿ. ಸಿಸ್‌ರೈಟ್ ಎಷ್ಟು ಬೈಟ್ ಹೋಯಿತು ಎಂದು ಹೇಳುತ್ತದೆ, ಅಷ್ಟನ್ನು ಮಾತ್ರ ಬಫರ್‌ನ ಮುಂದಿನಿಂದ ತೆಗೆಯಿರಿ. ಓದುವ ಬಫರ್‌ಗೂ ಒಂದು ಮಿತಿ ಇರಲಿ. ಹೊಸ ಸಾಲನ್ನೇ ಕಳಿಸದ ಕ್ಲೈಂಟ್ ನಿಮ್ಮ ಮೆಮೊರಿ ತಿಂದುಹಾಕಬಹುದು.

ಇದೆಲ್ಲ ಸರಿಯಾಗಿದೆಯೇ ಎಂದು ನೋಡಲು ನಾನು ಮಾಡುವ ಪರೀಕ್ಷೆ: ಸಿಸ್‌ರೀಡ್‌ನಲ್ಲಿ ಒಂದು ಸಲಕ್ಕೆ ಎಷ್ಟು ಬೈಟ್ ಓದಬೇಕು ಎಂದು 4096 ಇರುವ ಜಾಗಕ್ಕೆ 4 ಎಂದು ಬರೆದು ಓಡಿಸುವುದು. ಒಂದೇ ಯಂತ್ರದಲ್ಲಿ ಎಲ್ಲವೂ ಒಂದೇ ಸಲಕ್ಕೆ ಬಂದುಬಿಡುವುದರಿಂದ ತಪ್ಪುಗಳು ಮರೆಯಾಗಿರುತ್ತವೆ. 4 ಎಂದು ಇಟ್ಟರೆ ಅಡಗಿದ್ದೆಲ್ಲ ಹೊರಬರುತ್ತದೆ.

ಹೊಸಹೆಜ್ಜೆ:

4 ಎಂದು ಇಟ್ಟು ಪ್ರತಿ ಓದಿನ ಬೈಟ್‌ಗಳನ್ನೂ ಸಂಖ್ಯೆಯಾಗಿ ಮುದ್ರಿಸಿ ನೋಡಿದೆ. ‘ಕನ್ನಡ’ ಮತ್ತು ಹೊಸ ಸಾಲು ಸೇರಿ 16 ಬೈಟ್, ನಾಲ್ಕು ಓದು. ಮೊದಲ ಓದಿನಲ್ಲಿ ‘ಕ’ ಪೂರ್ತಿ, ‘ನ’ದ ಒಂದೇ ಬೈಟ್. ಎರಡನೆಯದರಲ್ಲಿ ‘ನ’ದ ಉಳಿದೆರಡು, ವಿರಾಮದ ಎರಡು. ನನ್ನ ಡಿಕೋಡ್ ಇನ್ನೂ ಸಿಸ್‌ರೀಡ್ ಪಕ್ಕದಲ್ಲೇ ಇತ್ತು, ತೆರೆಯ ತುಂಬಾ ಪ್ರಶ್ನೆ ಚಿಹ್ನೆಗಳು. ಅದನ್ನು ವೈಲ್ ಲೂಪಿನ ಒಳಗೆ, ಸಾಲು ಕತ್ತರಿಸಿದ ನಂತರಕ್ಕೆ ಸರಿಸಿದೆ. ನಾಲ್ಕನೆಯ ಓದು ಮುಗಿಯುವವರೆಗೆ ತೆರೆ ಖಾಲಿ ಇತ್ತು, ಆಮೇಲೆ ಇಡೀ ‘ಕನ್ನಡ’ ಒಟ್ಟಿಗೆ ಬಂತು, ಎರಡೂ ಕ್ಲೈಂಟ್‌ಗಳಲ್ಲಿ.